ಎರಡೂ ಕಡೆಯ ಕಾಗದ

ಬಾಬಾಸಾಹೇಬ ಅಂಬೇಡ್ಕರ್ ಅವರನ್ನು ನಮ್ಮ ಭಾಗ ಹೆಚ್ಚಾಗಿ ಭಾಷಣಗಳ ಮೂಲಕವೇ ಬಲ್ಲದು. ಏಪ್ರಿಲ್ 14ರಂದು ಕೊಳಕೂರದಲ್ಲಾಗಲಿ ಆಳಂದದಲ್ಲಾಗಲಿ ಮೈಕಿನ ಮುಂದೆ ನಿಲ್ಲುವವರು ಅವರ ಕಾಗದಗಳನ್ನೂ ಓದಿ ಬಂದರೆ, ಆ ದಿನದ ಮಾತಿನ ತೂಕವೇ ಬೇರೆಯಾಗುತ್ತದೆ. 1920ರ ಜನವರಿ 31ರಂದು 'ಮೂಕನಾಯಕ'ವನ್ನೂ 1927ರಲ್ಲಿ 'ಬಹಿಷ್ಕೃತ ಭಾರತ'ವನ್ನೂ ಹೊರಡಿಸಿದ ಪತ್ರಿಕೆಯ ಮನುಷ್ಯ ಅವರು. ಯಾವುದನ್ನು ಅಚ್ಚು ಹಾಕಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬ ಸಂಪಾದಕನ ಕಣ್ಣು ಅವರು ಪತ್ರಗಳನ್ನು ಬಳಸಿದ ರೀತಿಯಲ್ಲೂ ಕಾಣುತ್ತದೆ.

'ಜಾತಿ ವಿನಾಶ'ವನ್ನೇ ನೋಡಿ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಅವರನ್ನು ಕರೆಯಿತು. ಬರೆದದ್ದನ್ನು ಓದಿ ಬೆದರಿತು. ಆ ಭಾಷಣ ನಡೆಯಲೇ ಇಲ್ಲ. ಅಂಬೇಡ್ಕರ್ ತಮ್ಮ ಖರ್ಚಿನಲ್ಲೇ ಅದನ್ನು ಅಚ್ಚು ಮಾಡಿಸಿದರು. 1500 ಪ್ರತಿಗಳು ಎರಡು ತಿಂಗಳಲ್ಲಿ ಮುಗಿದವು. ಆ ಪುಸ್ತಕದಲ್ಲಿ ಭಾಷಣಕ್ಕೂ ಮೊದಲು ಅವರು ಇಟ್ಟದ್ದು ಮಂಡಲದೊಡನೆ ನಡೆದ ಪತ್ರವ್ಯವಹಾರವನ್ನು. ಮಂಡಲದ ಸಂತರಾಮರ ಕಾಗದ, ಹರಭಗವಾನರ ಕಾಗದಗಳು, ತಮ್ಮ ಉತ್ತರ, ಎಲ್ಲವೂ ತಾರೀಖು ಸಮೇತ. ಸಾಲಾಗಿ ಓದುತ್ತ ಹೋದರೆ ಮಂಡಲದ ಮರ್ಯಾದೆಯ ಮಾತು ಹೇಗೆ ತೆಳುವಾಗುತ್ತ ಬಂತು ಎಂಬುದು ತಾನಾಗಿ ತಿಳಿಯುತ್ತದೆ. ಮೊದಲು ಹೊಗಳಿಕೆ, ಆಮೇಲೆ ಅಳುಕು, ಕೊನೆಗೆ 'ವೇದ' ಎಂಬ ಶಬ್ದವನ್ನಾದರೂ ಸದ್ಯಕ್ಕೆ ಬಿಡಿ ಎಂಬ ಕೋರಿಕೆ. ಏಪ್ರಿಲ್ 27ರ ಉತ್ತರದಲ್ಲಿ ಅಂಬೇಡ್ಕರ್ ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಗಾಂಧೀಜಿ 'ಹರಿಜನ'ದಲ್ಲಿ ಟೀಕಿಸಿದಾಗ, 1937ರ ಎರಡನೆಯ ಆವೃತ್ತಿಯಲ್ಲಿ ಆ ಟೀಕೆಯನ್ನೂ ಸೇರಿಸಿ ತಮ್ಮ ಉತ್ತರವನ್ನು ಕೊಟ್ಟರು. ಎದುರಾಳಿಯ ಮಾತನ್ನು ತನ್ನ ಪುಸ್ತಕದೊಳಗೇ ಕೂರಿಸುವ ಈ ಧೈರ್ಯಕ್ಕೆ ನಾನು ಮನಸೋತಿದ್ದೇನೆ.

ಅವರ ಪತ್ರಗಳ ಸಂಗ್ರಹಗಳನ್ನು ಅಳೆಯಬೇಕಾದದ್ದೂ ಎರಡೂ ಕಡೆಯ ಮಾತು ಇದೆಯೇ ಎಂಬ ಇದೇ ಅಳತೆಯಿಂದ. ಅವರ ಸಂಗಾತಿ, ನಾಸಿಕದ ದಾದಾಸಾಹೇಬ ಗಾಯಕವಾಡರು ಜೋಪಾನ ಮಾಡಿದ ಕಾಗದಗಳು ನಮಗೆ ಸಿಕ್ಕಿರುವ ದೊಡ್ಡ ಆಸ್ತಿ. 1930ರ ಮಾರ್ಚ್ 2ರಂದು ನಾಸಿಕದಲ್ಲಿ ಶುರುವಾದ ಕಾಳಾರಾಮ ಮಂದಿರ ಪ್ರವೇಶ ಸತ್ಯಾಗ್ರಹದ ಬಗ್ಗೆ 1934ರ ಮಾರ್ಚ್ 3ರಂದು ಬರೆದ ಪತ್ರ ಅವುಗಳಲ್ಲಿದೆ. ನಮ್ಮವರು ಮೂರ್ತಿಪೂಜಕರಾಗಲಿ ಎಂದು ಆ ಹೋರಾಟ ಹೂಡಿದ್ದಲ್ಲ, ಅವರನ್ನು ಎಚ್ಚರಿಸಲು ಅದೇ ಸರಿಯಾದ ದಾರಿ ಎನಿಸಿತ್ತು. ಇನ್ನು ಶಕ್ತಿಯೆಲ್ಲ ರಾಜಕೀಯಕ್ಕೆ, ಶಿಕ್ಷಣಕ್ಕೆ ಹೋಗಲಿ ಎಂಬುದು ಅದರ ಸಾರ. ನಾಯಕನೊಬ್ಬ ಹೋರಾಟದ ದಿಕ್ಕು ತಿರುಗಿಸುವಾಗ ಸಂಗಾತಿಗೆ ಹೀಗೆ ಬಿಡಿಸಿ ಹೇಳಿದ್ದು ದೊಡ್ಡ ಮಾತು. ಆದರೆ ಬರೆದವರ ದನಿಯೊಂದೇ ಕೇಳಿದರೆ ಸಾಲದು. ಗಾಯಕವಾಡರು ಏನು ಕೇಳಿದ್ದರು, ನಾಸಿಕದ ಬೀದಿಯಲ್ಲಿ ಏಟು ತಿಂದವರಿಗೆ ಈ ತಿರುವು ಹೇಗೆ ಕಂಡಿತು ಎಂಬ ಪ್ರಶ್ನೆಗಳ ಜೊತೆಗೇ ಈ ಪತ್ರವನ್ನು ಓದಬೇಕು. ಪತ್ರದ ಅಡಿಯಲ್ಲಿ ನಾಲ್ಕು ಸಾಲಿನ ಟಿಪ್ಪಣಿಯೂ ಇಲ್ಲದೆ ಬರೀ ಪಠ್ಯವನ್ನು ಅಚ್ಚು ಮಾಡುವುದು ಸಂಪಾದನೆಯಲ್ಲ.

1946ರಲ್ಲಿ ಅಮೆರಿಕದ ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಬರೆದ ಕಾಗದದ ಕತೆ ಬೇರೆ. ನೀಗ್ರೋ ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು ಅಂಬೇಡ್ಕರ್ ಕೇಳಿದ್ದರು. ಜುಲೈ 31ರಂದು ಉತ್ತರ ಬಂತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿರುವ ಡು ಬಾಯ್ಸ್ ಸಂಗ್ರಹದಲ್ಲಿ ಎರಡೂ ಉಳಿದಿವೆ. ಚಿಕ್ಕ ಪತ್ರಗಳೇ, ಆದರೂ ಕೂಡಿಸಿ ಓದಿದಾಗ ಎರಡು ಸಮಾಜಗಳ ನೋವು ಒಂದನ್ನೊಂದು ಗುರುತಿಸಿದ್ದು ಕಾಣುತ್ತದೆ.

ಎರಡೂ ಕಡೆಯ ಕಾಗದಗಳನ್ನು ಹೀಗೆ ಕೂಡಿಸಿ ಕೊಡುವ ಕೆಲಸಕ್ಕೆ ಕನ್ನಡದಲ್ಲಿ ಆಳಂದ, ಅಫಜಲಪುರದ ಕಡೆಯವರು ತಕ್ಕವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದವರು ಇಲ್ಲಿದ್ದಾರೆ. 'ಮೂಕನಾಯಕ', 'ಬಹಿಷ್ಕೃತ ಭಾರತ'ಗಳ ಮರಾಠಿ ಲೇಖನಗಳ ಪಕ್ಕಕ್ಕೆ ಆಯಾ ಕಾಲದ ಕಾಗದಗಳನ್ನು ತಾರೀಖಿನಂತೆ ಇಟ್ಟು, ಬಂದ ಉತ್ತರಗಳನ್ನೂ ಹುಡುಕಿ ಸೇರಿಸಲಿ. ಶುರುವಿಗೆ ಗಾಯಕವಾಡರಿಗೆ ಬರೆದ 1934ರ ಆ ಒಂದು ಪತ್ರ ಸಾಕು.