ದಂಡುಪಾಳ್ಯ: ಹೆದರಿಕೆಯಿಂದ ಹೇಸಿಕೆಗೆ

ಹೆದರಿಸುವ ಚಿತ್ರಪಟಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಈ ಮಾತು ಕೇಳಿದರೆ ನಮ್ಮ ಕಡೆಯ ಸಾಹಿತ್ಯಪ್ರಿಯರು ಮೂಗು ಮುರಿಯುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಭರತಮುನಿಯ ಎಂಟು ರಸಗಳ ಪಂಕ್ತಿಯಲ್ಲಿ ಶೃಂಗಾರಕ್ಕೆ ಹಾಕಿದಂತೆ ಭಯಾನಕಕ್ಕೂ ಒಂದು ಮಣೆ ಹಾಕಿದೆ. ಅದಕ್ಕೆ ತಾಗಿಯೇ ಬೀಭತ್ಸ ಕುಳಿತಿದೆ. ಒಂದರ ಸ್ಥಾಯಿ ಭಯ, ಇನ್ನೊಂದರದು ಜುಗುಪ್ಸೆ. ಪಕ್ಕದ ಮಣೆಯಾದರೂ ಬಡಿಸಿದ ಎಲೆ ಬೇರೆ. ಹೆದರಿಸಲೆಂದು ಹೊರಟ ಚಿತ್ರ ಹೇಸಿಕೆ ಹುಟ್ಟಿಸಿ ಸುಮ್ಮನಾದರೆ ನನ್ನಂಥವನ ಹಸಿವು ಹಿಂಗುವುದಿಲ್ಲ. 'ದಂಡುಪಾಳ್ಯ'ದ ಮಾಲೆಯನ್ನು ಈಚೆಗೆ ಒಂದರ ಬೆನ್ನಿಗೊಂದರಂತೆ ಮತ್ತೆ ನೋಡಿದೆ. ಅದು ಒಂದು ಮಣೆಯಿಂದೆದ್ದು ಇನ್ನೊಂದರ ಮೇಲೆ ಕುಳಿತದ್ದು ಎರಡನೆಯ ಭಾಗದಲ್ಲಿ ಎಂಬುದರಲ್ಲಿ ನನಗೀಗ ಸಂಶಯವಿಲ್ಲ.

ಕತ್ತಿ ಹಿಡಿದವನೊಬ್ಬ, ಅವನ ಕೈಗೆ ಸಾಲಾಗಿ ಸಿಕ್ಕುವವರು ಕೆಲವರು. ಸ್ಲ್ಯಾಶರ್ ಎಂದು ಕರೆಯಲಾಗುವ ಈ ಜಾತಿಗೆ ಕನ್ನಡದಲ್ಲಿ ಬೇರೆ ಹೆಸರು ಹುಟ್ಟಿಲ್ಲ. 1960ರ 'ಸೈಕೋ'ದಲ್ಲಿ ಹಿಚ್‌ಕಾಕ್ ಬೀಜ ಬಿತ್ತಿದ. 1978ರ 'ಹ್ಯಾಲೊವೀನ್'ನಲ್ಲಿ ಜಾನ್ ಕಾರ್ಪೆಂಟರ್ ಫಸಲು ತೆಗೆದ. ಆಮೇಲೆ ಬಂದವರಲ್ಲಿ ಬಹಳ ಜನ ಕೂಳೆ ಬೆಳೆಯ ಮೇಲೆ ಬದುಕಿದರು. ನಮ್ಮಲ್ಲಿ ಕಾಶೀನಾಥರ 'ಅಪರಿಚಿತ' (1978), ಸುನೀಲಕುಮಾರ ದೇಸಾಯಿಯವರ 'ತರ್ಕ' (1989) ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಅವು ಸಂಶಯದ ಮೇಲೆ ನಿಂತ ಒಳ್ಳೆಯ ಚಿತ್ರಗಳು. ಆದರೆ ಕತ್ತಿಯೇ ಕಥಾನಾಯಕನಾಗಿ, ಭಾಗದ ಮೇಲೆ ಭಾಗವಾಗಿ ಬೆಳೆದ ಕನ್ನಡ ಚಿತ್ರ ಯಾವುದೆಂದರೆ ಶ್ರೀನಿವಾಸ ರಾಜು ಅವರ 'ದಂಡುಪಾಳ್ಯ'ವನ್ನೇ ತೋರಿಸಬೇಕು.

2012ರಲ್ಲಿ ಬಂದ ಆ ಮೊದಲ ಚಿತ್ರದಲ್ಲಿ ದೋಷಗಳು ಬೇಕಾದಷ್ಟಿವೆ. ಹಿನ್ನೆಲೆಯ ಸದ್ದು ಕಿವಿ ಹಿಂಡುತ್ತದೆ. ಹೆಂಗಸರ ಮೇಲಿನ ದೌರ್ಜನ್ಯವನ್ನು ಕ್ಯಾಮೆರಾ ಬೇಕಾದುದಕ್ಕಿಂತ ಹೆಚ್ಚು ಹೊತ್ತು ದಿಟ್ಟಿಸುತ್ತದೆ. ಆದರೂ ಅದು ಹೆದರಿಸಿತು. ಏಕೆಂದರೆ ಅದು ಕತ್ತಿಯನ್ನು ಕಾಡಿನಲ್ಲಿಯೋ ಪಾಳುಬಂಗಲೆಯಲ್ಲಿಯೋ ಇಡದೆ ನಡುಮನೆಗೇ ತಂದಿತು. ಗಂಡ ಕೆಲಸಕ್ಕೆ ಹೋಗಿದ್ದಾನೆ. ಬಾಗಿಲಿಗೆ ಬಂದ ಹೆಂಗಸೊಬ್ಬಳು ಕುಡಿಯಲು ನೀರು ಕೇಳುತ್ತಾಳೆ. ಮನೆಯಾಕೆ ನೀರು ತರಲು ಒಳಕ್ಕೆ ತಿರುಗುತ್ತಾಳೆ. ಅಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಕತ್ತಿ ಹೊರಬರುವುದು ಆಮೇಲೆ.

ಕುಂದಗೋಳದಂಥ ಊರಿನಲ್ಲಿ ಕುಳಿತು ಈ ದೃಶ್ಯ ನೋಡುವುದಕ್ಕೂ ಬೆಂಗಳೂರಿನ ಬಡಾವಣೆಯಲ್ಲಿ ಕುಳಿತು ನೋಡುವುದಕ್ಕೂ ವ್ಯತ್ಯಾಸವಿದೆ. ನಮ್ಮಲ್ಲಿ ಬಿಸಿಲಿನಿಂದ ಬಂದವರ ಮುಂದೆ ಬೆಲ್ಲದ ತುಣುಕೂ ತಂಬಿಗೆ ನೀರೂ ಇಟ್ಟ ಮೇಲೆಯೇ ಮುಂದಿನ ಮಾತು. ಮೆಣಸಿನಕಾಯಿ ಬಿಡಿಸಲು ಬಂದ ಪರವೂರಿನ ಕೂಲಿಯಾಕೆ ನೀರು ಕೇಳಿದರೆ ನೀನು ಯಾರು, ಎತ್ತಣವಳು ಎಂದು ಕೇಳಿ ಕೊಡುವುದಿಲ್ಲ. ಚಿತ್ರ ಕೈಯಿಟ್ಟದ್ದು ಈ ನಂಬಿಕೆಯ ಮೇಲೆ. ಕೊಲ್ಲುವವಳು ಒಳಗೆ ಬರುವುದು ನಮ್ಮ ಒಳ್ಳೆಯತನದ ಬಾಗಿಲಿನಿಂದಲೇ ಎಂದಾಗ ನಿಜವಾಗಿ ಎದೆ ನಡುಗುತ್ತದೆ. 'ಮುಂಗಾರು ಮಳೆ'ಯಲ್ಲಿ ನಾಡಿನ ಹುಡುಗರೆಲ್ಲ ಮೆಚ್ಚಿದ ಪೂಜಾ ಗಾಂಧಿಯವರನ್ನೇ ಈ ಲಕ್ಷ್ಮಿಯ ಪಾತ್ರಕ್ಕೆ ಆರಿಸಿದ್ದು ಜಾಣತನ. ಪರಿಚಿತ ಮುಖವೇ ಬಾಗಿಲಲ್ಲಿ ನಿಂತಂತಾಯಿತು. ಮಕರಂದ ದೇಶಪಾಂಡೆಯವರ ಮೌನವೂ ಸುಲಭಕ್ಕೆ ಮರೆಯುವಂಥದಲ್ಲ.

ಇನ್ನು ಮುಂದುವರಿಕೆಯ ಮಾತು. ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುವುದು ತಪ್ಪೆಂದು ನಾನು ಒಪ್ಪುವವನಲ್ಲ. ಸವಾಯಿ ಗಂಧರ್ವರ ಊರಿನವನಿಗೆ ಪುನರಾವೃತ್ತಿಯ ಮೇಲೆ ಮುನಿಸು ಹೇಗೆ ಬಂದೀತು? ನಾಡಿಗೇರ ವಾಡೆಯಲ್ಲಿ ಕುಳಿತವರು ಹತ್ತು ಸಲ ಕೇಳಿದ ಬಂದಿಶನ್ನೇ ಹನ್ನೊಂದನೆಯ ಸಲ ಕೇಳುತ್ತಾರೆ. ಸಮ್ ಎಲ್ಲಿ ಬೀಳುತ್ತದೆಂಬುದು ಗೊತ್ತು. ಗೊತ್ತಿದ್ದೇ ಉಸಿರು ಹಿಡಿದು ಕಾಯುತ್ತಾರೆ. ಕತ್ತಿಯ ಚಿತ್ರಗಳ ರುಚಿಯೂ ಹೀಗೆಯೇ. ಕತ್ತಿ ಬೀಳುವುದು ಗೊತ್ತು; ಅಲ್ಲಿಯವರೆಗಿನ ಆಲಾಪದಲ್ಲಿ ಕಲೆಯಿದೆ.

2017ರಲ್ಲಿ ಬರಿಯ '2' ಎಂಬ ಅಂಕಿಯನ್ನೇ ಹೆಸರಾಗಿಟ್ಟುಕೊಂಡು ಬಂದ ಭಾಗದಲ್ಲಿ ಆಲಾಪವೂ ಇಲ್ಲ, ಸಮ್ಮೂ ಇಲ್ಲ, ಇರುವುದು ಸಮಜಾಯಿಷಿ. ನಟಿ ಶ್ರುತಿ ಪತ್ರಕರ್ತೆಯಾಗಿ ಬರುತ್ತಾರೆ. ಜೈಲಿನಲ್ಲಿರುವವರು ತಮ್ಮ ಕಡೆಯ ಕಥೆ ಹೇಳುತ್ತಾರೆ: ನಾವು ಕೊಲೆಗಡುಕರಲ್ಲ, ಪೋಲೀಸರು ಹೊಡೆದು ಬಡಿದು ಒಪ್ಪಿಸಿದರು. ಮೊದಲ ಭಾಗದಲ್ಲಿ ನಾಡನ್ನು ಕಾಪಾಡಿದ ಇನ್ಸ್‌ಪೆಕ್ಟರ ಚಲಪತಿ (ಪಿ. ರವಿಶಂಕರ್) ಇಲ್ಲಿ ರಾಕ್ಷಸ. ಕೊಲೆಗಾರನಿಗೆ ಕಾರಣ ಕೊಡುವ ಈ ಚಟ ಅಮೆರಿಕೆಯವರಿಗೂ ಇದೆ. ಮುಖವಾಡದ ಮೈಕೆಲ್ ಮೈಯರ್ಸ್ ಏಕೆ ಕೊಲ್ಲುತ್ತಾನೆಂಬುದು ತಿಳಿಯದಿದ್ದುದರಿಂದಲೇ ಮೊದಲ 'ಹ್ಯಾಲೊವೀನ್' ಹೆದರಿಸಿತ್ತು. 1981ರ ಎರಡನೆಯ ಭಾಗ ಅವನು ನಾಯಿಕೆಯ ಅಣ್ಣನೆಂದು ನೆಂಟಸ್ತನ ಹಚ್ಚಿತು. ಕಾರಣ ಸಿಕ್ಕ ಕೂಡಲೆ ಭಯ ಹೊರಟುಹೋಯಿತು. 2018ರಲ್ಲಿ ಅದೇ ಹೆಸರಿನ ಹೊಸ ಚಿತ್ರ ಮಾಡಿದವರು ಆ ನೆಂಟಸ್ತನವನ್ನೇ ಕಿತ್ತೊಗೆಯಬೇಕಾಯಿತು.

ಆದರೆ ಮೈಕೆಲ್ ಕಲ್ಪನೆಯ ಕೂಸು. ದಂಡುಪಾಳ್ಯವೆಂಬುದು ಹೊಸಕೋಟೆಯ ಹತ್ತಿರದ ನಿಜವಾದ ಊರು. ಆ ಹೆಸರಿನ ಗುಂಪಿನ ಮೇಲೆ ಬಂದ ಆರೋಪಗಳು ನಿಜವಾದ ಮನೆಗಳಲ್ಲಿ ನಡೆದ ಕೊಲೆಗಳವು. ವಿಶೇಷ ನ್ಯಾಯಾಲಯ ಮರಣದಂಡನೆಯವರೆಗೂ ಹೋಗಿತ್ತು. ಪೋಲೀಸರು ಬಡವರಿಂದ ಹೊಡೆದು ಒಪ್ಪಿಸಿಕೊಳ್ಳುವುದುಂಟೇ ಎಂಬ ಪ್ರಶ್ನೆ ಸಣ್ಣದಲ್ಲ. ಅದನ್ನು ಕೇಳುವ ಎದೆಗಾರಿಕೆಯಿದ್ದ ಚಿತ್ರವನ್ನು ನಾನು ಎದ್ದು ನಿಂತು ಗೌರವಿಸುತ್ತಿದ್ದೆ. '2' ಆ ಪ್ರಶ್ನೆ ಎತ್ತಿದ್ದು ಠಾಣೆಯೊಳಗಿನ ಹಿಂಸೆಯನ್ನು ಇಂಚಿಂಚಾಗಿ ತೋರಿಸುವ ನೆವಕ್ಕಾಗಿ. ಇದು ನನ್ನ ದ್ವೇಷದ ಮಾತಲ್ಲ. 2018ರಲ್ಲಿ ಅವರೇ ಮಾಡಿದ '3' ಅದಕ್ಕೆ ಸಾಕ್ಷಿ. ಅಲ್ಲಿ ಮಾತು ಮತ್ತೆ ತಿರುಗಿ, ಅವರೇ ಕ್ರೂರಿಗಳು, ಇನ್ಸ್‌ಪೆಕ್ಟರು ಹೇಳಿದ್ದೇ ಸರಿ ಎಂದಾಗುತ್ತದೆ. ಕುರೋಸಾವಾನ 'ರಾಶೋಮಾನ್'ನಲ್ಲಿ (1950) ಒಂದೇ ಸಾವನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಯಾವುದನ್ನೂ ಅಳಿಸಲಾಗದೆ ನಾವು ಒದ್ದಾಡುತ್ತೇವೆ. ಇಲ್ಲಿ ಎರಡನೆಯದು ಬರೆದದ್ದನ್ನು ಮೂರನೆಯದು ಒರೆಸಿತು, ಪಾಟಿಯ ಮೇಲಿನ ಲೆಕ್ಕದಂತೆ. ಉಳಿದದ್ದು ಎರಡೂ ಕಡೆಯ ರಕ್ತ.

ನಿಜವಾದ ಕೊಲೆಯನ್ನು ಆಟವಾಗಿ ನೋಡುವುದು ನಮ್ಮ ಸೀಮೆಗೆ ಹೊಸದಲ್ಲ. 'ಸಂಗ್ಯಾ ಬಾಳ್ಯಾ' ಸಣ್ಣಾಟವು ಬೈಲಹೊಂಗಲದ ಕಡೆ ನಡೆದ ಸಂಗತಿಯೆಂದೇ ಜನರ ಹೇಳಿಕೆ. ಅದನ್ನು ಬೆಳತನಕ ಕೂತು ನೋಡಿದವರು ಈ ಭಾಗದಲ್ಲಿ ಲೆಕ್ಕವಿಲ್ಲ. ಸಂಗ್ಯಾನ ಕೊಲೆಯಾಗುವುದು ಕೂಸಿಗೂ ಗೊತ್ತು. ಆದರೆ ಅಷ್ಟು ಹೊತ್ತಿಗೆ ಸಂಗ್ಯಾನ ಮೋಹ, ಗಂಗಿಯ ಅಂಜಿಕೆ, ಬಾಳ್ಯಾನ ದ್ರೋಹ ಎಲ್ಲವೂ ನಮ್ಮ ಓಣಿಯವೇ ಆಗಿರುತ್ತವೆ. ಬೀಳುವ ಪೆಟ್ಟು ನಾವು ಬಲ್ಲವನ ಮೇಲೆ ಬೀಳುತ್ತದೆ. 'ದಂಡುಪಾಳ್ಯ'ದ ಮೂರು ಭಾಗ ಮುಗಿಸಿದ ನೋಡುಗನನ್ನು ಕೇಳಿ: ಸತ್ತವರಲ್ಲಿ ಯಾರ ಹೆಸರು ನೆನಪಿದೆ? ಕೊಂದವರ ಹೆಸರನ್ನೆಲ್ಲ ಒಪ್ಪಿಸುತ್ತಾನೆ; ಸತ್ತವರು ಅವನಿಗೆ ಬರಿಯ ಕೊರಳುಗಳು. ಮೊದಲ ಭಾಗದಲ್ಲಿಯೂ ಈ ಕೊರತೆಯಿತ್ತು. ಆದರೆ ನೀರು ತರಲು ತಿರುಗಿದ ಆ ಹೆಂಗಸು ನಮ್ಮ ಅಕ್ಕನೋ ಅತ್ತಿಗೆಯೋ ಇರಬಹುದೆಂಬ ಅಳುಕು ಅದನ್ನು ತುಂಬಿಕೊಟ್ಟಿತ್ತು. ಮುಂದಿನ ಭಾಗಗಳು ಆ ಹೊಸ್ತಿಲನ್ನು ಬಿಟ್ಟು ಠಾಣೆಗೂ ಜೈಲಿಗೂ ಹೋದವು, ಅಳುಕು ಹಿಂದೆಯೇ ಉಳಿಯಿತು.

ಆ ಊರಿನ ಮಕ್ಕಳ ಗತಿಯೇನೆಂಬ ಯೋಚನೆಯೂ ಬರುತ್ತದೆ. ಯಾವ ಊರೆಂದು ಕೇಳಿದರೆ ಅವರು ಏನು ಹೇಳಬೇಕು? ಒಂದು ಚಿತ್ರವಾಗಿದ್ದರೆ ಜನ ಮರೆಯುತ್ತಿದ್ದರು. ಅಂಕಿ ಏರಿದಂತೆ ಹೆಸರು ಅಂಟಿಕೊಳ್ಳುತ್ತದೆ.

2019ರಲ್ಲಿ ನಾಲ್ಕನೆಯದೂ ಬಂತು. ನಿರ್ದೇಶಕರು ಬೇರೆ, ಕೆ. ಟಿ. ನಾಯಕ್, ಮುಖ್ಯ ಪಾತ್ರದಲ್ಲಿ ಸುಮನ್ ರಂಗನಾಥ್. ಅದಕ್ಕೆ ಈ ಅಂಕಣದ ಜಾಗ ವ್ಯರ್ಥ ಮಾಡಲಾರೆ. ಐದನೆಯದಕ್ಕೆ ಯಾರಾದರೂ ಕೈ ಹಾಕುವುದಿದ್ದರೆ ಕೊಂದವರನ್ನು ಒಮ್ಮೆ ಬದಿಗಿಡಲಿ. ಸಂಜೆ ಕೆಲಸದಿಂದ ಬಂದು, ಕದ ತೆರೆದೇ ಇರುವುದನ್ನು ಕಂಡು, ಹೊಸ್ತಿಲ ಮೇಲೆ ಉರುಳಿದ ನೀರಿನ ತಂಬಿಗೆಯನ್ನು ನೋಡಿ ನಿಂತುಬಿಟ್ಟ ಗಂಡನಿಂದ ಆರಂಭಿಸಲಿ. ಅಂಥ ಚಿತ್ರ ಬಂದರೆ ಮೊದಲ ದಿನದ ಮೊದಲ ಆಟಕ್ಕೇ ಹುಬ್ಬಳ್ಳಿಯ ಬಸ್ಸು ಹಿಡಿಯುತ್ತೇನೆ.