ಹೋರಿ ಕಾದ ಕೋಟೆ

ನಮ್ಮ ಅಗಡಿಯಲ್ಲಿ ಹೇಳಿಕೊಳ್ಳುವಂಥ ಕೋಟೆಯಿಲ್ಲ. ಆದರೂ ಕೋಟೆ ನೋಡುವ ಹುಚ್ಚು ನನಗೆ ಹತ್ತಿದ್ದು ಈ ಊರಿನಿಂದಲೇ. ಗಳಗನಾಥರು 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಶುರುಮಾಡಿದ್ದು ಇಲ್ಲಿ, ಶೇಷಾಚಲ ಸದ್ಗುರುಗಳ ಆಸರೆಯಲ್ಲಿ. ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿದ ಆ ಮಹಾನುಭಾವರ ಐತಿಹಾಸಿಕ ಕಾದಂಬರಿ ಓದಿದವರಿಗೆ ಹಾಳುಗೋಡೆ ಬರೀ ಕಲ್ಲಾಗಿ ಕಾಣುವುದಿಲ್ಲ. ಸ್ಕಾಟ್ಲೆಂಡಿನ ಮೂಲೆಯ ಹಳ್ಳಿಗಳ ಕೋಟೆಗಳಿಗೆ ವಾಲ್ಟರ್ ಸ್ಕಾಟ್ ಕೊಟ್ಟ ಜೀವವನ್ನು ನಮ್ಮ ಸೀಮೆಗೆ ಕೊಟ್ಟವರು ಅವರು.

ಈ ವಾರ ಬಂಕಾಪುರದ ಕೋಟೆಗೆ ಹೋಗೋಣ. ಬಂದವರೆಲ್ಲ ನೇರ ನಗರೇಶ್ವರನ ಗುಡಿಗೆ ನಡೆದುಬಿಡುತ್ತಾರೆ. ನನ್ನ ಮಾತು ಕೇಳಿದರೆ, ಮೊದಲು ಕಂದಕದ ಗುಂಟ ನಡೆಯಿರಿ. ಕೋಟೆಯ ಹರವು ಕಾಲಿಗೆ ತಿಳಿದಷ್ಟು ಕಣ್ಣಿಗೆ ತಿಳಿಯದು. ಆಮೇಲೆ ಗುಡಿ. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದೆ. ಜನ ಕರೆಯುವುದು ಅರವತ್ತು ಕಂಬದ ಗುಡಿ ಎಂದು. ಬೆಳಕು ಓರೆಯಾಗಿ ಬಿದ್ದಾಗ ಆ ಕಂಬಗಳ ಕಡೆತದ ನುಣುಪು ನೋಡಬೇಕು. ಚಾಲುಕ್ಯರ ಕಾಲದ ಕುಶಲಿಗಳ ಕೈ ಅದು.

ಆದರೆ ಬಂಕಾಪುರದ ನಿಜವಾದ ಹಿರಿಮೆ ಅಕ್ಷರದ್ದು ಎಂದೇ ನನ್ನ ನಂಬಿಕೆ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನಿಂದ ಬಂದ ಹೆಸರಿದು. ಅವನ ಮಗ ಲೋಕಾದಿತ್ಯ ಇಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ‘ಉತ್ತರಪುರಾಣ’ಕ್ಕೆ ಪೂಜೆ ಸಂದಿತು. ಒಂದು ಗ್ರಂಥಕ್ಕೆ ಊರು ಕೈಮುಗಿದ ಆ ದಿನವನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಮುಂದೆ ಗಂಗರ ಮಾರಸಿಂಹ ರಾಜ್ಯ ಬಿಟ್ಟು ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದೂ ಈ ಊರಲ್ಲೇ. ಶ್ರವಣಬೆಳಗೊಳದ ಶಾಸನ ಅದನ್ನು ಹೇಳುತ್ತದೆ. ಬಹಮನಿ, ವಿಜಯನಗರ, ಆದಿಲಶಾಹಿ, ಸವಣೂರು ನವಾಬರು: ಕೋಟೆಗಾಗಿ ಕಾದಾಡಿದವರ ಪಟ್ಟಿ ದೊಡ್ಡದು, ಅದು ಇನ್ನೊಂದು ವಾರಕ್ಕಿರಲಿ.

ಈ ಕೋಟೆಯೊಳಗೆ ಇಷ್ಟು ಹಸಿರು ಉಳಿದದ್ದು ಹೇಗೆ? ಖಿಲಾರಿ ದನಗಳಿಂದ. ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಒಳಗಿದ್ದುದರಿಂದ ಮೇವಿನ ನೆಲ ಮೇವಿನ ನೆಲವಾಗಿಯೇ ಉಳಿಯಿತು, ಮನೆ ಎದ್ದು ನಿಲ್ಲಲಿಲ್ಲ. ಆ ಹುಲ್ಲು, ಪೊದೆ, ಹುಳುಹುಪ್ಪಡಿ ನಂಬಿ ನವಿಲು ಬಂದವು. 2006ರಲ್ಲಿ 139 ಎಕರೆ ನವಿಲುಧಾಮವಾಯಿತು. ದೀಪಾವಳಿಗೆ ಹೋರಿ ಬೆದರಿಸುವ ನಮ್ಮ ಜಿಲ್ಲೆಯವರು ಖಿಲಾರಿಯ ಈ ಉಪಕಾರವನ್ನು ಮರೆಯಬಾರದು.

ಮಳೆಗಾಲದಲ್ಲಿ ಹೋಗಿ, ಹೊತ್ತು ಏರುವ ಮುಂಚೆ. ಗಂಡು ನವಿಲು ಗರಿಗೆದರುವ ಕಾಲ ಅದೇ. ಪೊದೆಗೆ ನುಗ್ಗಬೇಡಿ, ನವಿಲು ನೆಲದಲ್ಲೇ ಮೊಟ್ಟೆಯಿಡುತ್ತದೆ.