ಅಂತರಜಾಲದ ಅಂಗಡಿ ಮತ್ತು ಆಪ್ತವಾಕ್ಯ

ಒಂದು ವಸ್ತುವನ್ನು ಕೊಳ್ಳುವುದೆಂದರೆ ಒಂದು ನಿರ್ಣಯಕ್ಕೆ ಬರುವುದು. ನಿರ್ಣಯಕ್ಕೆ ಪ್ರಮಾಣ ಬೇಕು. ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ನಾಲ್ಕು ಬಗೆಯಾಗಿ ಎಣಿಸಿದರು. ಸಂತೆಗೆ ಹೋದ ಗೃಹಿಣಿಯು ತರ್ಕಶಾಸ್ತ್ರವನ್ನು ಓದಿದವಳಲ್ಲ. ಆದರೂ ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುವಾಗ, ಜೋಳವನ್ನು ಅಂಗೈಯಲ್ಲಿ ಹರಡಿ ಕಾಳನ್ನು ಹಲ್ಲಿನಿಂದ ಕಡಿದು ನೋಡುವಾಗ ಅವಳು ಪ್ರತ್ಯಕ್ಷವನ್ನೂ ಅನುಮಾನವನ್ನೂ ಯಥಾವತ್ತಾಗಿ ಬಳಸುತ್ತಿರುತ್ತಾಳೆ. ಅದೂ ಸಾಲದಿದ್ದರೆ ನೆರೆಮನೆಯವಳನ್ನು ಕೇಳುತ್ತಾಳೆ. ನಂಬತಕ್ಕವರ ಆ ಮಾತೇ ಆಪ್ತವಾಕ್ಯ.

ಅಂತರಜಾಲದ ಅಂಗಡಿಯು ಈ ವ್ಯವಸ್ಥೆಯನ್ನು ಬುಡಮೇಲು ಮಾಡಿದೆ. ಅಲ್ಲಿ ಮುಟ್ಟಲು, ಮೂಸಲು, ಅಲುಗಿಸಲು ಏನೂ ಇಲ್ಲ. ಇರುವುದು ಚಿತ್ರ ಮತ್ತು ಮಾತು. ಪ್ರತ್ಯಕ್ಷವು ಹಿಂದೆ ಸರಿದುದರಿಂದ ಅದರ ಹೊರೆಯೆಲ್ಲ ಆಪ್ತವಾಕ್ಯದ ಮೇಲೆ ಬಿದ್ದಿದೆ. ಆ ವಾಕ್ಯವನ್ನು ಅಲ್ಲಿ ‘ಗ್ರಾಹಕರ ವಿಮರ್ಶೆ’ ಎಂದು ಕರೆಯುತ್ತಾರೆ. ಸಾಹಿತ್ಯದಲ್ಲಿ ನಾವು ಗೌರವದಿಂದ ಬಳಸುತ್ತ ಬಂದ ಈ ಶಬ್ದವು ಈಗ ಚಪ್ಪಲಿಗೂ ಕುಕ್ಕರಿಗೂ ಅನ್ವಯವಾಗಿದೆ. ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ಹೆಸರು ಪಡೆದದ್ದು ಹೆಸರಿಗೆ ತಕ್ಕಂತೆ ನಡೆಯುತ್ತಿದೆಯೇ ಎಂಬುದನ್ನು ವಿಚಾರಿಸಬೇಕಾಗಿದೆ.

ಈ ವ್ಯಾಪಾರದ ಆರಂಭಕ್ಕೂ ಪುಸ್ತಕಕ್ಕೂ ನಂಟಿದೆ. ಅಮೆರಿಕದ ಅಮೆಜಾನ್ ಸಂಸ್ಥೆ 1995ರಲ್ಲಿ ಅಂತರಜಾಲದ ಮೂಲಕ ಮಾರತೊಡಗಿದ್ದು ಪುಸ್ತಕಗಳನ್ನು. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಸಂಸ್ಥೆಯೂ ಮೊದಲು ಮಾರಿದ್ದು ಪುಸ್ತಕಗಳನ್ನೇ. ಪುಸ್ತಕವು ಯಾವ ಅಂಗಡಿಯಲ್ಲಿ ಕೊಂಡರೂ ಒಂದೇ. ಅದನ್ನು ತೂಗಿ ನೋಡಬೇಕಾಗಿಲ್ಲ. ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ಫ್ಲಿಪ್‌ಕಾರ್ಟ್ 2010ರಲ್ಲಿ ತಂದಾಗ ನಮ್ಮವರ ಅಳುಕು ಬಹುಮಟ್ಟಿಗೆ ಕರಗಿತು. 2016ರಲ್ಲಿ ಯುಪಿಐ ಬಂದ ಮೇಲೆ ಮೊಬೈಲಿನಿಂದಲೇ ಹಣ ಸಲ್ಲಿಸುವುದು ಹಳ್ಳಿಗೂ ರೂಢಿಯಾಯಿತು. ಪುಸ್ತಕದಿಂದ ಬಟ್ಟೆಗೆ, ಬಟ್ಟೆಯಿಂದ ಔಷಧ, ತರಕಾರಿಗಳವರೆಗೆ ಈ ಅಂಗಡಿ ಹಬ್ಬಿದೆ.

ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಪೇಟೆಯಿಂದ ದೂರವಿರುವ ಹಳ್ಳಿಯ ವಿದ್ಯಾರ್ಥಿಗೆ ಬೇಕಾದ ಗ್ರಂಥ ಮನೆಬಾಗಿಲಿಗೆ ಬರುತ್ತದೆ. ನಡೆಯಲಾರದ ವೃದ್ಧರು ಕುಳಿತಲ್ಲಿಂದಲೇ ಬೇಕಾದುದನ್ನು ತರಿಸಿಕೊಳ್ಳುತ್ತಾರೆ. ಹಳೆಯ ಅಂಗಡಿಕಾರರೆಲ್ಲರೂ ಸತ್ಯಸಂಧರಾಗಿದ್ದರೆಂದೂ ನಾವು ಹೇಳುವುದಿಲ್ಲ; ತಕ್ಕಡಿಯ ತಟ್ಟೆಯ ಕೆಳಗೆ ಹುಣಿಸೆಹಣ್ಣು ಅಂಟಿಸಿದ ಕಥೆ ಎಲ್ಲ ಊರುಗಳಲ್ಲಿಯೂ ಉಂಟು. ಭೇದವಿಷ್ಟೆ: ಅಲ್ಲಿ ಮೋಸ ಮಾಡಿದವನ ಮುಖ ಕಾಣುತ್ತಿತ್ತು, ಮುಂದಿನ ಸಂತೆಗೆ ಅವನನ್ನು ಕೇಳಬಹುದಾಗಿತ್ತು. ಇಲ್ಲಿ ಮುಖವೂ ಇಲ್ಲ, ಸಂತೆಯೂ ಇಲ್ಲ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿ ನೇಯುತ್ತಾರೆ. ಸೆರಗು ಒಡಲನ್ನು ಕೂಡುವ ಆ ಗೆರೆಯನ್ನು ತಿರುವಿ, ಬೆರಳಾಡಿಸಿ, ಇದು ಕೈಮಗ್ಗದ್ದು, ಇದು ಯಂತ್ರದ ಅನುಕರಣೆ ಎಂದು ಬಲ್ಲ ಮುದುಕಿಯರು ನಮ್ಮ ಮನೆಗಳಲ್ಲಿದ್ದಾರೆ. ಅಂತರಜಾಲದಲ್ಲಿ ಎರಡಕ್ಕೂ ಚಿತ್ರ ಹೆಚ್ಚುಕಡಿಮೆ ಒಂದೇ. ಹೀಗಿರುವಾಗ ಕೆಳಗಿನ ವಿಮರ್ಶೆಯಲ್ಲಿ ಏನಿರುತ್ತದೆ? “ಬೇಗ ಬಂತು, ಪೊಟ್ಟಣ ಚೆನ್ನಾಗಿತ್ತು” ಎಂಬ ಮಾತಿಗೆ ಐದು ನಕ್ಷತ್ರ. “ಎರಡು ದಿನ ತಡವಾಯಿತು” ಎಂಬ ಮಾತಿಗೆ ಒಂದು ನಕ್ಷತ್ರ. ಎರಡರಲ್ಲಿಯೂ ಸೀರೆಯ ವಿಷಯವಿಲ್ಲ, ತಂದುಕೊಟ್ಟವನ ವಿಷಯವಿದೆ. ಕಾವ್ಯವನ್ನು ವಿಮರ್ಶಿಸಹೊರಟವನು ರಟ್ಟಿನ ಬಣ್ಣವನ್ನು ಹೊಗಳಿ ಕೈತೊಳೆದುಕೊಂಡಂತೆ ಇದು. ದಿನಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದುಡಿದ ನೇಕಾರನ ಕೀರ್ತಿ ಅಪಕೀರ್ತಿಗಳು ಇಂತಹ ಮಾತಿನಿಂದ ನಿರ್ಣಯವಾಗುತ್ತಿವೆ.

ಆಪ್ತನಾದವನಿಗೆ ಎರಡು ಲಕ್ಷಣಗಳಿರಬೇಕು. ಮೊದಲನೆಯದು, ಅವನು ವಿಷಯವನ್ನು ತಾನೇ ಕಂಡು ತಿಳಿದಿರಬೇಕು. ಎರಡನೆಯದು, ಕಂಡದ್ದನ್ನು ಕಂಡಂತೆ ಹೇಳುವುದರ ಹೊರತು ಅವನಿಗೆ ಬೇರೆ ಪ್ರಯೋಜನವಿರಬಾರದು. ಪೊಟ್ಟಣವನ್ನು ಹೊಗಳಿದವನಲ್ಲಿ ಮೊದಲನೆಯ ಲಕ್ಷಣದ ಕೊರತೆ ಇದೆ, ಅದು ಅಜ್ಞಾನ. ಆದರೆ ಎರಡನೆಯದರ ಕೊರತೆ ವಂಚನೆ. ಕೆಲವು ಮಾರಾಟಗಾರರು ಪೊಟ್ಟಣದೊಳಗೆ ಚೀಟಿಯಿಟ್ಟು, ಐದು ನಕ್ಷತ್ರ ಕೊಟ್ಟರೆ ಹಣ ಹಿಂತಿರುಗಿಸುವೆವೆಂದು ಆಸೆ ತೋರಿಸುತ್ತಾರೆ. ವಸ್ತುವನ್ನೇ ನೋಡದೆ ಕೂಲಿಗೆ ಹೊಗಳುವವರೂ, ಸ್ಪರ್ಧಿಯನ್ನು ಕೆಡಿಸಲು ಕೂಲಿಗೆ ತೆಗಳುವವರೂ ಇದ್ದಾರೆ. ಈಚೆಗೆ ಯಂತ್ರವೇ ಕ್ಷಣಾರ್ಧದಲ್ಲಿ ನೂರಾರು ಹೊಗಳಿಕೆಗಳನ್ನು ಬರೆಯಬಲ್ಲುದು.

ಸರಾಸರಿಯ ಅಂಕಿಯನ್ನು ನೋಡಿ ನಂಬುವವರಿಗೂ ಒಂದು ಮಾತು. ಹತ್ತು ಜನರು ತಲಾ ಮೂರು ನಕ್ಷತ್ರ ಕೊಟ್ಟರೆ ಸರಾಸರಿ ಮೂರು. ಐದು ಜನರು ಐದೈದು, ಉಳಿದ ಐದು ಜನರು ಒಂದೊಂದು ಕೊಟ್ಟರೂ ಸರಾಸರಿ ಮೂರೇ. ಮೊದಲನೆಯದು ಸಾಧಾರಣ ವಸ್ತು. ಎರಡನೆಯದು ಅರ್ಧದಷ್ಟು ಜನರಿಗೆ ಕೆಟ್ಟದ್ದು ತಲುಪಿದ ವಸ್ತು. ಅಂಕಿ ಒಂದೇ, ಅರ್ಥ ಬೇರೆ. ಆದುದರಿಂದ ಅಂಕಿಯನ್ನು ಬಿಟ್ಟು ಬರಹವನ್ನು ಓದಬೇಕು. ಅದರಲ್ಲಿಯೂ ಅತಿ ಹೊಗಳಿಕೆ ಅತಿ ತೆಗಳಿಕೆಗಳ ನಡುವಿನವನ್ನು ಮೊದಲು ಓದಬೇಕು. ಗುಣದೋಷಗಳೆರಡನ್ನೂ ಹೇಳಿದ, ಬಳಸಿದ ಅವಧಿಯನ್ನು ತಿಳಿಸಿದ, ತಾನೇ ತೆಗೆದ ಚಿತ್ರವನ್ನು ಹಚ್ಚಿದ ಬರಹಕ್ಕೆ ಹೆಚ್ಚು ಬೆಲೆ ಕೊಡಬೇಕು. ಒಂದೇ ದಿನ ಒಂದೇ ಧಾಟಿಯಲ್ಲಿ ಬಂದ ಹೊಗಳಿಕೆಗಳ ಸಾಲನ್ನು ಶಂಕಿಸಬೇಕು.

ಶಾಸನವು ಈ ವಿಷಯದಲ್ಲಿ ಸುಮ್ಮನಿಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರಲ್ಲಿ ಹೊಸದಾಗಿ ರಚಿತವಾಯಿತು. ಅದರ ಆಧಾರದಿಂದ 2020ರ ಜುಲೈಯಲ್ಲಿ ಬಂದ ಇ-ವಾಣಿಜ್ಯ ನಿಯಮಗಳು, ಮಾರಾಟಗಾರನು ಗ್ರಾಹಕನ ವೇಷ ಧರಿಸಿ ವಿಮರ್ಶೆ ಬರೆಯಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿವೆ. ದೂರನ್ನು ಸ್ವೀಕರಿಸಿದ ಬಗ್ಗೆ 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬ ವಿಧಿಯೂ ಅವುಗಳಲ್ಲಿದೆ. ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕವನ್ನು ಹೊರಡಿಸಿತು. ಜಾರಿಗೆ ಬಂದಾಗ ಅದರ ಪಾಲನೆಯನ್ನು ಸಂಸ್ಥೆಗಳ ಇಚ್ಛೆಗೆ ಬಿಡಲಾಗಿತ್ತು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕೊಳ್ಳುವವರನ್ನು ದಾರಿತಪ್ಪಿಸುವ 13 ಬಗೆಯ ಕಪಟಗಳನ್ನು ಹೆಸರಿಸಿತು. “ಎರಡೇ ಉಳಿದಿವೆ” ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ಸೇರುವ ಸರಕು, ಕೊನೆಯ ಪುಟದವರೆಗೆ ಬಚ್ಚಿಟ್ಟ ಶುಲ್ಕ ಇವೆಲ್ಲ ಆ ಪಟ್ಟಿಯಲ್ಲಿವೆ.

ಅನ್ಯಾಯವಾದವರು ಕೈಕಟ್ಟಿ ಕೂರಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮಾರಿದವನು ದೂರದ ದೆಹಲಿಯಲ್ಲಿದ್ದರೂ, ಕೊಂಡವರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡಬಹುದೆಂದು 2019ರ ಕಾಯಿದೆ ಹೇಳುತ್ತದೆ. ಇದು ಹಳ್ಳಿಯವರಿಗೆ ದೊರೆತ ದೊಡ್ಡ ಬಲ. ಆದುದರಿಂದ ರಸೀತಿಯನ್ನೂ, ಪುಟದಲ್ಲಿದ್ದ ವಿವರಣೆಯ ಚಿತ್ರವನ್ನೂ ಕಾದಿರಿಸಬೇಕು. ಬೆಲೆಬಾಳುವ ವಸ್ತುವಿನ ಪೊಟ್ಟಣವನ್ನು ಬಿಚ್ಚುವಾಗ ಚಿತ್ರೀಕರಿಸಿಕೊಳ್ಳುವುದೂ ಲೇಸು.

ಅಂಗಡಿಯ ಪುಟದಾಚೆಗೂ ಸುಳ್ಳುಮಾತು ನಮ್ಮನ್ನು ಹಿಂಬಾಲಿಸುತ್ತದೆ. ಸರಕು ಕೆಟ್ಟಿದ್ದರಿಂದ ಹಣ ಮರಳಿ ಪಡೆಯಬೇಕೆಂದು ಒಬ್ಬರು ಅಂತರಜಾಲದಲ್ಲಿ ಸಹಾಯವಾಣಿಯನ್ನು ಹುಡುಕುತ್ತಾರೆ. ವಂಚಕನು ಹಾಕಿಟ್ಟ ಸಂಖ್ಯೆ ಕಾಣುತ್ತದೆ. ಅವನು ವಿನಯದಿಂದ ಮಾತನಾಡಿ, ಹಣ ಜಮೆಯಾಗಲು ಗುಪ್ತಸಂಖ್ಯೆ ಒತ್ತಬೇಕೆನ್ನುತ್ತಾನೆ. ಯುಪಿಐಯಲ್ಲಿ ಗುಪ್ತಸಂಖ್ಯೆ ಬೇಕಾಗುವುದು ಹಣ ಕೊಡಲಿಕ್ಕೇ ಹೊರತು ಪಡೆಯಲಿಕ್ಕಲ್ಲ. ಇದೊಂದನ್ನು ನೆನಪಿಟ್ಟರೂ ಅನೇಕ ಮನೆಗಳು ಉಳಿದಾವು. ಸಹಾಯವಾಣಿಯನ್ನು ಆ ಅಂಗಡಿಯ ಆ್ಯಪಿನೊಳಗಿನಿಂದಲೇ ಪಡೆಯಬೇಕು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ ಅಂಗಡಿಯ ವಿಳಾಸವನ್ನು ನಾವೇ ಬರೆದು ತೆರೆಯಬೇಕು. ಅಪರಿಚಿತ ಅಂಗಡಿಗೆ ಮುಂಗಡ ಹಣ ಕಳಿಸಬಾರದು. ಹಣ ಹೋದುದು ತಿಳಿದೊಡನೆ 1930ಕ್ಕೂ ಬ್ಯಾಂಕಿಗೂ ತಿಳಿಸಬೇಕು. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಳಿಗೆಯೂ ವಂಚಕನಿಗೆ ಲಾಭ. ಇಲ್ಲಿಯೂ ಪ್ರಶ್ನೆ ಒಂದೇ: ಈ ಮಾತನ್ನಾಡುವವರು ಯಾರು? ಅವರಿಗೆ ಇದರಿಂದ ಪ್ರಯೋಜನವೇನು?

ಕೊನೆಯದಾಗಿ, ಈ ವಿಮರ್ಶೆಯು ನಮ್ಮ ಕಡೆಗೂ ತಿರುಗಬೇಕು. ಕೊಳ್ಳುವ ಮುನ್ನ ಹತ್ತು ಜನರ ಮಾತನ್ನು ಓದುವ ನಾವು, ಕೊಂಡ ಮೇಲೆ ಹನ್ನೊಂದನೆಯವರಿಗಾಗಿ ಬರೆಯುತ್ತೇವೆಯೆ? ಸತ್ಯ ಹೇಳಬೇಕಾದವರು ಸುಮ್ಮನಿದ್ದಲ್ಲಿ ಕೂಲಿಗೆ ಬರೆಯುವವರ ದನಿಯೇ ಉಳಿಯುತ್ತದೆ. ಚೀಟಿಯ ಆಸೆಗೆ ಐದು ನಕ್ಷತ್ರ ಒತ್ತುವುದನ್ನು ಅಲ್ಪವೆಂದು ಎಣಿಸಬಾರದು. ಅದು ಎಲ್ಲಿಯೋ ಇರುವ ಅಪರಿಚಿತ ತಾಯಿಯೊಬ್ಬಳ ಮುಂದೆ ಹೇಳಿದ ಸುಳ್ಳುಸಾಕ್ಷಿ. ಸಿಟ್ಟಿನಲ್ಲಿ ಒಂದು ನಕ್ಷತ್ರ ಒತ್ತುವ ಮುನ್ನ ತಪ್ಪು ನೇಕಾರನದೋ ಸಾಗಿಸಿದವನದೋ ಎಂದು ವಿಚಾರಿಸುವುದೂ ನ್ಯಾಯ. ಶ್ರೀಮಠದ ನಿಲಯದಲ್ಲಿ ಓದಿ ನಾಡಿನಾದ್ಯಂತ ನೆಲೆಸಿದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಸದ್ಭಕ್ತರಲ್ಲಿಯೂ ನಮ್ಮ ಅಪೇಕ್ಷೆ ಇಷ್ಟೆ: ಕೊಂಡ ವಸ್ತುವನ್ನು ಕೆಲವು ದಿನ ಬಳಸಿ, ಕಂಡದ್ದನ್ನು ಕಂಡಂತೆ, ಸಾಧ್ಯವಾದಲ್ಲಿ ಕನ್ನಡದಲ್ಲಿಯೇ ನಾಲ್ಕು ಸಾಲು ಬರೆಯಿರಿ. ಮುಖ ಕಾಣದ ಈ ಸಂತೆಯಲ್ಲಿ ಪ್ರತ್ಯಕ್ಷವನ್ನು ಮರಳಿ ತರುವುದು ನಮ್ಮಿಂದಾಗದು. ಒಬ್ಬರಿಗೊಬ್ಬರು ಆಪ್ತರಾಗುವುದು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.